ಸೂಜಿಯ ಮುಂದಿನ ಗಾಜು

ರಾಯದುರ್ಗ
12 ಜೂನ್ 2003

ಪ್ರೀತಿಯ ಸುನೀತಾ,

ಹಾಸ್ಟೆಲ್ಲಿನಲ್ಲಿ ನಿನ್ನ ಮಂಚ ಇನ್ನೂ ಖಾಲಿ ಇದೆ. ವಾರ್ಡನ್ ನರಸಮ್ಮ ಅದರ ಮೇಲೆ ಒಣಮೆಣಸಿನಕಾಯಿ ಚೀಲ ಇಟ್ಟಿದ್ದಾಳೆ. ಸುನೀತಾ ಬಂದರೆ ಮಲಗುವುದೆಲ್ಲಿ ಎಂದು ಕೇಳಿದೆ. "ಆಕಿ ಬರಂಗಿಲ್ಲ ಬಿಡವಾ" ಎಂದು ಚೀಲದ ಬಾಯಿ ಕಟ್ಟಿದಳು.

ನೀನು ಒಂದು ಮಾತೂ ಹೇಳದೆ ಕಣೇಕಲ್ಲು ಬಸ್ಸು ಹತ್ತಿಬಿಟ್ಟೆ. ನಾನು ಪಾಳಿ ಮುಗಿಸಿ ಬರುವಷ್ಟರಲ್ಲಿ ನಿನ್ನ ಟ್ರಂಕು ಇರಲಿಲ್ಲ. ಬೇಸರ ಆ ದಿನಕ್ಕೇ ಮುಗಿಯಿತು. ಈಗ ಇರುವುದು ಕಳವಳ ಮಾತ್ರ.

ನಿನ್ನ ಲೈನಿನಲ್ಲಿ ಹೊಲಿಯುತ್ತಿದ್ದ ದುರುಗಕ್ಕನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ಎಡಗಣ್ಣು ಉಳಿಯಲಿಲ್ಲ. ಬೇರೆಯವರ ಬಾಯಿಂದ ನಿನಗೆ ಇದು ತಿಳಿಯುವುದು ಬೇಡವೆಂದು ನಾನೇ ಬರೆಯುತ್ತಿದ್ದೇನೆ. ಅವಳೀಗ ನೇಮಕಲ್ಲಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ.

ಸೂಜಿ ಮುರಿದು ತುಂಡು ಅವಳ ಕಣ್ಣಿಗೆ ಹಾರಿದ ಆ ಮಧ್ಯಾಹ್ನ ನಮ್ಮ ಫ್ಲೋರ್ ಇನ್‌ಚಾರ್ಜ್ ಶಶಿಧರ್ ಇಡೀ ಲೈನಿನ ಮುಂದೆ ಹೇಳಿದ ಮಾತು ನಿನ್ನ ಕಿವಿಯಲ್ಲಿ ಇನ್ನೂ ಇರಬಹುದು: "ಹೆಣ್ಮಕ್ಕಳ ಕೈಯಾಗ ಸ್ಪ್ಯಾನರ್ ಕೊಟ್ರ ಹಿಂಗ ಆಗ್ತೈತಿ." ಬೆಳಿಗ್ಗೆ ಆ ಹೊಲಿಗೆ ಮಷಿನ್ನಿಗೆ ಸೂಜಿ ಹಾಕಿ ಸರಿಹೊಂದಿಸಿದ್ದು ನೀನು ಎಂಬುದಷ್ಟೇ ಅವನಿಗೆ ಸಾಕಾಯಿತು. ನೀನು ಹೊರಟುಹೋದೆ, ಮಾತು ಇಲ್ಲೇ ಉಳಿಯಿತು. ಈಗ ನನ್ನನ್ನು ಯಾವ ಮಷಿನ್ನಿನ ಹತ್ತಿರವೂ ಬಿಡುತ್ತಿಲ್ಲ. ಸ್ಟೋರಿನಲ್ಲಿ ಕೂತು ಎಣ್ಣೆಬಟ್ಟೆ ಮಡಚುತ್ತೇನೆ, ಕೇಳಿದವರಿಗೆ ದಾರದ ಬಾಬಿನ್ ಕೊಡುತ್ತೇನೆ. ಹಿಂದೂಪುರದ ಐಟಿಐಯಲ್ಲಿ ಗಂಡುಹುಡುಗರ ನಡುವೆ ಒಬ್ಬಳೇ ಕೂತು ಕಲಿತದ್ದು ಬಟ್ಟೆ ಮಡಚುವುದಕ್ಕೆ!

ನಾವು ಸೇರಿದ ವಾರ ನೆನಪಿದೆಯೇ? ಹೊರದೇಶದ ಖರೀದಿದಾರರು ರಿಪೇರಿ ವಿಭಾಗದಲ್ಲಿ ಹೆಂಗಸರೂ ಇರಬೇಕು ಅಂದರಂತೆ. ನಮ್ಮಿಬ್ಬರ ಕೈಗೂ ಸ್ಪ್ಯಾನರ್ ಕೊಟ್ಟು ಫೋಟೋ ತೆಗೆಸಿದರು. ಸಂಜೆ ಸ್ಪ್ಯಾನರ್ ವಾಪಸು ಇಸಕೊಂಡರು. ಅವತ್ತು ನಾವಿಬ್ಬರೂ ನಕ್ಕಿದ್ದೆವು.

ಒಂದು ಸಾಲಾದರೂ ಬರೆ.

ನಿನ್ನ
ಗಂಗೋತ್ರಿ

* * *

ಕಣೇಕಲ್ಲು
3 ಜುಲೈ 2003

ಗಂಗೋತ್ರಿಗೆ,

ಪತ್ರ ತಲುಪಿತು. ದುರುಗಕ್ಕನ ವಿಷಯ ನೀನು ಬರೆಯುವ ಮೊದಲೇ ತಿಳಿದಿತ್ತು. ನೇಮಕಲ್ಲು ಇಲ್ಲಿಂದ ದೂರವೇನಲ್ಲ. ಶನಿವಾರ ಆಂಜನೇಯನ ಗುಡಿಗೆ ಹೋದವರು ಸುದ್ದಿ ತರುತ್ತಾರೆ.

ಇಲ್ಲಿ ಎಲ್ಲರೂ ಕಾಲುವೆಯ ನೀರು ಯಾವತ್ತು ಬಿಡುತ್ತಾರೆಂದು ಕಾಯುತ್ತಿದ್ದಾರೆ. ನೀರು ಬಂದರೆ ನಾಟಿಗೆ ಹೋಗುತ್ತೇನೆ. ಅಪ್ಪ ಏನೂ ಕೇಳಿಲ್ಲ. ನಾನೂ ಹೇಳಿಲ್ಲ.

ಇನ್ನು ಮುಂದೆ ಆ ಕಾರ್ಖಾನೆಯ ವಿಷಯ ಬರೆಯಬೇಡ.

ಸುನೀತಾ

* * *

ರಾಯದುರ್ಗ
21 ಆಗಸ್ಟ್ 2003

ಪ್ರೀತಿಯ ಸುನೀತಾ,

ಬರೆಯಬೇಡ ಎಂದಿದ್ದೆ. ಒಂದೂವರೆ ತಿಂಗಳು ಸುಮ್ಮನಿದ್ದೆ. ಇವತ್ತು ಆಗಲಿಲ್ಲ, ಕ್ಷಮಿಸು.

ಹೋದ ವಾರ ನಮ್ಮ ಹೆಡ್ ಮೆಕ್ಯಾನಿಕ್ ಜಯಣ್ಣ ಕಟಿಂಗ್ ಹಾಲಿನ ಮೋಟಾರಿಗೆ ವೈರು ತಪ್ಪಾಗಿ ಕೊಟ್ಟರು. ಮೋಟಾರು ಸುಟ್ಟಿತು. ಹಾಲಿನ ತುಂಬ ಹೊಗೆ, ಹೆಂಗಸರು ಸೆರಗಲ್ಲಿ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದರು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಶಶಿಧರ್ ಬಂದು ನೋಡಿ, "ಮಷಿನ್ ಅಂದ ಮ್ಯಾಲ ಇವೆಲ್ಲಾ ಇರೋವ ಬಿಡು ಜಯಣ್ಣ" ಎಂದು ಚಹಾ ತರಿಸಿದ. ಎಲ್ಲರೂ ಕುಡಿದರು. ಗಂಡಸರ ಕೈಗೆ ವೈರು ಕೊಟ್ಟರೆ ಹೀಗೇ ಎಂದು ಒಬ್ಬರೂ ಅನ್ನಲಿಲ್ಲ. ಅನ್ನಬೇಕೆಂದು ನನಗೂ ಹೊಳೆಯಲಿಲ್ಲ. ಲೋಟ ತೊಳೆಯುವಾಗ ಹೊಳೆಯಿತು.

ಇನ್ನೊಂದು ವಿಷಯ. ಸ್ಟೋರಿನ ಮೂಲೆಯಲ್ಲಿ ಒಂದು ಗೋಣಿಚೀಲವಿದೆ. ಸೂಜಿಯ ಮುಂದೆ ಕಣ್ಣಿಗೆ ಅಡ್ಡವಾಗಿ ಇರಬೇಕಲ್ಲ, ಲೈನಿನವರು ಗಾಜು ಅನ್ನುವ ಆ ಪ್ಲಾಸ್ಟಿಕ್ ತುಂಡುಗಳು, ಅವು ಅದರ ತುಂಬ ಇವೆ. ನಾವು ಬರುವ ಮೊದಲೇ ಎಲ್ಲ ಮಷಿನ್ನುಗಳಿಂದ ಬಿಚ್ಚಿಸಿದ್ದಾರೆ. ದಾರ ಪೋಣಿಸಲು ಅಡ್ಡ ಬರುತ್ತದೆ, ಕೆಲಸ ನಿಧಾನವಾಗುತ್ತದೆ ಎಂದು ಶಶಿಧರನೇ ಹೇಳಿ ಬಿಚ್ಚಿಸಿದ್ದಂತೆ. ಜಯಣ್ಣ ನನಗಿದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಎಲ್ಲರಿಗೂ ಗೊತ್ತಿರುವುದೇ, ಯಾರೂ ಆಡುವುದಿಲ್ಲ ಅಷ್ಟೇ.

ನಾನು ಮಾತಾಡಿದರೆ ಇಲ್ಲಿನ ಹುಡುಗಿಯರು ಇನ್ನೂ ನಗುತ್ತಾರೆ. "ಬಂದವ್ರೆ, ಹೋದವ್ರೆ" ಎಂದು ನಮ್ಮ ಮಡಕಶಿರಾ ಕಡೆಯ ಮಾತನ್ನು ಅಣಕಿಸುತ್ತಾರೆ. ನೀನಿದ್ದಾಗ ನನ್ನ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದೆ. ಈಗ ನಾನೂ ಅವರ ಜೊತೆ ಸೇರಿ ನಗುತ್ತೇನೆ.

ನಿನ್ನ
ಗಂಗೋತ್ರಿ

* * *

ಕಣೇಕಲ್ಲು
30 ಸೆಪ್ಟೆಂಬರ್ 2003

ಗಂಗೋತ್ರಿಗೆ,

ಗಾಜಿನ ವಿಷಯ ಓದಿದೆ. ಅದು ಇದ್ದರೆ ಏನಾಗುತ್ತಿತ್ತು, ಇಲ್ಲದ್ದರಿಂದ ಏನಾಯಿತು ಎಂದು ನಾನೂ ಯೋಚಿಸಿದ್ದೇನೆ. ಆದರೆ ಸೂಜಿ ಹಾಕಿದ್ದು ನಾನು. ಗಾಜು ಇಲ್ಲವೆಂಬುದು ನನ್ನ ಕಣ್ಣೆದುರಿಗೇ ಇತ್ತು. ಮೆಕ್ಯಾನಿಕ್ ಆದವಳು ಕೇಳಬೇಕಿತ್ತು. ಹೊಸಬಳು, ಸುಮ್ಮನಿದ್ದೆ.

ಮೊನ್ನೆ ಪಕ್ಕದ ಮನೆಯ ಜುಂಜಮ್ಮ ತನ್ನ ಹೊಲಿಗೆ ಮಷಿನ್ ಹೊರಿಸಿಕೊಂಡು ಬಂದಳು. ದಾರ ಕಡಿಯುತ್ತಿದೆಯಂತೆ. "ನೀ ಕಲಿತಾಕಿ ಇದ್ದೀಯಲ್ಲವಾ, ಒಂದೀಟು ನೋಡು" ಎಂದಳು. ದೂರದಿಂದಲೇ ನನಗೆ ಕಾರಣ ಕಾಣಿಸಿತು. ಕೈ ಚಾಚಿದೆ. ಸೂಜಿಯ ಹತ್ತಿರ ಹೋಗುತ್ತಿದ್ದಂತೆ ಹಿಂದಕ್ಕೆ ತೆಗೆದೆ. ನನಗೆ ಬರುವುದಿಲ್ಲ ಎಂದುಬಿಟ್ಟೆ. ಜುಂಜಮ್ಮ ಮಷಿನ್ ಹೊರಿಸಿಕೊಂಡು ವಾಪಸು ಹೋದಳು. ಅಪ್ಪ ಕಟ್ಟೆಯ ಮೇಲೆ ಕೂತಿದ್ದರು, ಎದ್ದು ದನ ನೋಡುವ ನೆಪದಲ್ಲಿ ಹಿತ್ತಲಿಗೆ ಹೋದರು. ಅವರೇನಾದರೂ ಬೈದಿದ್ದರೆ ಚೆನ್ನಾಗಿತ್ತು.

ನಿನ್ನನ್ನು ಒಂದು ಮಾತು ಕೇಳುತ್ತೇನೆ. ನನ್ನ ಸಮಾಧಾನಕ್ಕೆಂದು ಬರೆಯಬೇಡ. ತಪ್ಪು ನನ್ನದೋ ಅಲ್ಲವೋ?

ಸುನೀತಾ

* * *

ರಾಯದುರ್ಗ
19 ಅಕ್ಟೋಬರ್ 2003

ಸುನೀತಾ,

ತಪ್ಪು ನಿನ್ನದಲ್ಲ ಎಂದು ಬರೆಯಲು ಮೂರು ಸಲ ಕೂತೆ. ಬರೆಯಲಾಗಲಿಲ್ಲ.

ನೀನು ಸೂಜಿ ಹಾಕುವಾಗ ಅದು ಕೂದಲೆಳೆಯಷ್ಟು ಓರೆಯಾಗಿತ್ತೋ ಏನೋ. ಪ್ಯಾಂಟಿನ ಕಾಲು ಕೂಡುವ ದಪ್ಪ ಹೊಲಿಗೆ ಬಂದಾಗ ದುರುಗಕ್ಕ ಬಟ್ಟೆಯನ್ನು ಜೋರಾಗಿ ಎಳೆದಳೋ ಏನೋ. ಸೂಜಿಯೇ ಕಳಪೆ ಇತ್ತೋ ಏನೋ. ತುಂಡುಗಳನ್ನು ಅವತ್ತೇ ಗುಡಿಸಿ ಚೆಲ್ಲಿದರು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಿನ್ನ ತಪ್ಪು ಇರಬಹುದು. ನೀನು ಕೇಳಿದ್ದು ನಿಜವನ್ನು, ಅದಕ್ಕೇ ಬರೆದೆ.

ಆದರೆ ಇದೂ ನಿಜ. ಈ ಕಾರ್ಖಾನೆಯಲ್ಲಿ ಸೂಜಿ ಮುರಿಯದ ದಿನವೇ ಇಲ್ಲ. ಜಯಣ್ಣ ಹಾಕಿದ ಸೂಜಿಯೂ ಮುರಿಯುತ್ತದೆ. ಮುರಿಯುತ್ತದೆಂದು ಗೊತ್ತಿರುವುದರಿಂದಲೇ ಮಷಿನ್ ಮಾಡಿದವರು ಗಾಜು ಇಟ್ಟರು. ಯಾರ ಕೈಯೂ ತಪ್ಪುವುದಿಲ್ಲ ಎಂದು ನಂಬಿ ಅವರು ಮಷಿನ್ ಮಾಡಲಿಲ್ಲ.

ನಿನ್ನ ಪತ್ರ ಬಂದ ಮಾರನೆಯ ದಿನ ಶಶಿಧರನ ಮುಂದೆ ಹೋಗಿ ನಿಂತೆ. ಗಾಜುಗಳನ್ನು ಮತ್ತೆ ಹಾಕಿಸಿ ಎಂದೆ. ಅವನು ಸಿಟ್ಟಾಗಲಿಲ್ಲ. ನಗುತ್ತಲೇ, "ನೋಡಮ್ಮ, ನಿನ್ನ ಗೆಳತಿ ಮಾಡಿದ್ದನ್ನ ಮುಚ್ಚಾಕ ಈಗ ಗಾಜು ಹುಡುಕಿಕೊಂಡು ಬಂದಿ" ಎಂದ. ಅಲ್ಲಿ ಕೂತಿದ್ದವರೆಲ್ಲ ನಕ್ಕರು. ಹೇಳಬೇಕೆಂದುಕೊಂಡದ್ದೆಲ್ಲ ಮರೆತು ಹೊರಗೆ ಬಂದೆ.

ಲೈನಿನ ಹೆಂಗಸರಾದರೂ ಕೇಳುತ್ತಾರೆ ಅಂದುಕೊಂಡೆ. "ಅದ ಹಾಕಿದ್ರ ದಾರ ಕಾಣಂಗಿಲ್ಲ, ಪೀಸು ಕಡಿಮಿ ಆದ್ರ ಬೈಸಿಕೊಳ್ಳೋರು ನಾವು. ನಿನಗೇನ ಗೊತ್ತ?" ಎಂದರು. ಅವರ ಮಾತಿನಲ್ಲೂ ಸುಳ್ಳಿಲ್ಲ. ಗಾಜನ್ನು ಸ್ವಲ್ಪ ಮೇಲಕ್ಕೆತ್ತಿ ಕೂರಿಸಿದರೆ ದಾರವೂ ಕಾಣುತ್ತದೆ, ಕಣ್ಣಿಗೂ ಅಡ್ಡ ಇರುತ್ತದೆ ಎಂದು ನನಗೆ ಅನಿಸುತ್ತದೆ. ಅದನ್ನು ಯಾರ ಹತ್ತಿರ ಮಾತಾಡಿ ನೋಡಲಿ? ಜಯಣ್ಣನ ಹತ್ತಿರ ಹೇಳಲು ಸಂಕೋಚ. ನೀನಿದ್ದರೆ ಇಬ್ಬರೂ ಸೇರಿ ಒಂದು ಮಷಿನ್ನಿಗೆ ಹಾಕಿ ನೋಡಬಹುದಿತ್ತು.

ಗಂಗೋತ್ರಿ

* * *

ಕಣೇಕಲ್ಲು
8 ಡಿಸೆಂಬರ್ 2003

ಪ್ರೀತಿಯ ಗಂಗೋತ್ರಿ,

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಸಿಟ್ಟಿನಿಂದ ಅಲ್ಲ. ನಿನ್ನ ತಪ್ಪು ಇರಬಹುದು ಎಂದು ಬರೆದವಳು ನೀನೊಬ್ಬಳೇ. ಉಳಿದವರಲ್ಲಿ ಕೆಲವರು ಎಲ್ಲಾ ನಿನ್ನದೇ ಅಂದರು, ಕೆಲವರು ನಿನ್ನದೇನೂ ಇಲ್ಲ ಅಂದರು. ಎರಡೂ ಮಾತನ್ನು ನಂಬಲಾಗಿರಲಿಲ್ಲ.

ಮೊನ್ನೆ ಶನಿವಾರ ನೇಮಕಲ್ಲಿಗೆ ಹೋದೆ. ಗುಡಿಗೆ ಹೋಗಿಬರುತ್ತೇನೆಂದು ಮನೆಯಲ್ಲಿ ಹೇಳಿದ್ದೆ. ಗುಡಿಗೂ ಹೋದೆ, ಆದರೆ ಪ್ರದಕ್ಷಿಣೆಯ ಮೇಲೆ ಪ್ರದಕ್ಷಿಣೆ ಹಾಕಿದ್ದು ಭಕ್ತಿಯಿಂದಲ್ಲ, ದುರುಗಕ್ಕನ ಮನೆಗೆ ಹೋಗುವ ಹೊತ್ತನ್ನು ಮುಂದೂಡಲು.

ಅವಳು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆಯನ್ನು ಒಂದು ಕಡೆ ಓರೆ ಮಾಡಿ ಮೊರವನ್ನು ಬಲಗಣ್ಣಿನ ಹತ್ತಿರ ತಂದು ನೋಡುತ್ತಿದ್ದಳು. ನನ್ನನ್ನು ಗುರುತಿಸಿದಳು. "ಬಾ" ಎನ್ನಲಿಲ್ಲ, "ಹೋಗು" ಅಂತಲೂ ಅನ್ನಲಿಲ್ಲ. ನಾನು ನೆಲದ ಮೇಲೆ ಕೂತೆ. ಅಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ, ಕೂತ ತಕ್ಷಣ ಅತ್ತೆ.

ಅವಳು ನನ್ನನ್ನು ಅಳಲು ಬಿಟ್ಟಳು. ಆಮೇಲೆ ಹೇಳಿದಳು, "ನನಗ ಸಿಟ್ಟು ಇಲ್ಲ ಅಂದ್ರ ಸುಳ್ಳಾಗ್ತೈತಿ. ಐತಿ. ಮುಂಜಾನೆದ್ದು ಮಾರಿ ತೊಳಕೊಳ್ಳಾಗ ದಿನಾ ಸಿಟ್ಟು ಬರ್ತೈತಿ. ನಿನ್ನ ಮ್ಯಾಲೂ ಬರ್ತೈತಿ."

"ಬೈಯಕ್ಕ" ಎಂದೆ.

"ಬೈದ್ರ ಏನ್ ಬರ್ತೈತವಾ? ನಾ ಒಂದ ಕೇಳ್ತೀನಿ. ಆ ಗಾಜು ಬಿಚ್ಚಿಸಿದಾತ ಇನ್ನೂ ಕುರ್ಚಿ ಮ್ಯಾಲ ಕುಂತಾನ. ನಾ ಕಣ್ಣು ಹೋದಾಕಿ, ಸಂಕ್ರಾಂತಿ ಆದ ಮ್ಯಾಲ ಮತ್ತ ಕೆಲಸಕ್ಕ ಹೊಂಟೀನಿ, ದಾರ ಕತ್ತರಿಸೋ ಕಡಿಗೆ ಹಾಕ್ತೀವಿ ಅಂದಾರ. ಎರಡೂ ಕಣ್ಣು, ಎರಡೂ ಕೈ ಇದ್ದಾಕಿ ನೀ ಯಾಕ ಮನಿಯಾಗ ಕುಂತಿ?"

ಅವಳು ಮೊರವನ್ನು ನನ್ನ ಕಡೆಗೆ ತಳ್ಳಿದಳು. ಅದರಲ್ಲಿದ್ದ ಅಕ್ಕಿಯನ್ನೆಲ್ಲ ಆರಿಸಿ ಕೊಟ್ಟೆ. ಹೊರಡುವಾಗ ಊಟ ಮಾಡಿ ಹೋಗು ಎನ್ನಲಿಲ್ಲ. ಬಸ್ಸಿನ ಹೊತ್ತು ಮಾತ್ರ ಹೇಳಿದಳು.

ಊರಿಗೆ ಬಂದವಳು ಮನೆಗೆ ಹೋಗುವ ಮೊದಲು ಜುಂಜಮ್ಮನ ಬಾಗಿಲಿಗೆ ಹೋದೆ. ಅವಳ ಮಷಿನ್ ಇನ್ನೂ ಹಾಗೇ ಇತ್ತು. ಬಿಚ್ಚಿ, ದಾರ ಕಡಿಯದಂತೆ ಸರಿಮಾಡಿ ಕೊಟ್ಟೆ.

ಸುನೀತಾ

* * *

ಅಮರಾಪುರದ ಹತ್ತಿರದ ನಮ್ಮ ಹಳ್ಳಿಯಿಂದ
27 ಜನವರಿ 2004

ಪ್ರೀತಿಯ ಸುನೀತಾ,

ಈ ಪತ್ರ ರಾಯದುರ್ಗದಿಂದ ಬಂದದ್ದಲ್ಲ ಎಂದು ಮೇಲಿನ ಸಾಲಿನಿಂದಲೇ ನಿನಗೆ ತಿಳಿದಿರುತ್ತದೆ. ನನ್ನನ್ನು ಕೆಲಸದಿಂದ ತೆಗೆದರು.

ಆದದ್ದು ಹೀಗೆ. ಸಂಕ್ರಾಂತಿ ಮುಗಿದ ಮೇಲಿನ ಸೋಮವಾರ ದುರುಗಕ್ಕ ಗೇಟಿನೊಳಗೆ ಬರುತ್ತಿದ್ದಳು. ಹೊಸ್ತಿಲು ಕಾಣದೆ ಎಡವಿದಳು, ಸಾವರಿಸಿಕೊಂಡು ಏನೂ ಆಗದವಳಂತೆ ಒಳಗೆ ನಡೆದಳು. ಅಷ್ಟೇ. ನಾನು ಸ್ಟೋರಿಗೆ ಹೋಗಿ ಆ ಗೋಣಿಚೀಲ ಎಳೆದುಕೊಂಡು ನಿನ್ನ ಲೈನಿಗೆ ಬಂದೆ. ಪಾಳಿ ಶುರುವಾಗುವ ಮೊದಲು ದಪ್ಪ ಹೊಲಿಗೆಯ ಮಷಿನ್ನುಗಳಿಗೆಲ್ಲ ಗಾಜು ಹಾಕಿದೆ. ಸ್ವಲ್ಪ ಎತ್ತರಿಸಿ, ನಾನು ಬರೆದಿದ್ದೆನಲ್ಲ ಹಾಗೆ. ಮೊದಲನೆಯದು ಓರೆಯಾಯಿತು, ಬಿಚ್ಚಿ ಮತ್ತೆ ಹಾಕಿದೆ. ಹೆಂಗಸರು ಬಂದು ಕೂತರು. ದಾರ ಪೋಣಿಸಿ ನೋಡಿದರು. ಗೊಣಗಿದರು, ಆದರೆ ಪೋಣಿಸಿದರು.

ಶಶಿಧರ್ ಬಂದ. "ಯಾರನ್ನ ಕೇಳಿ ಹಾಕಿದಿ? ಬಿಚ್ಚು."

"ಬಿಚ್ಚಲ್ಲ ಸಾರ್. ಬೇಕಾದ್ರೆ ನೀವೇ ಬಿಚ್ಚಿ" ಎಂದೆ. ನಮ್ಮೂರ ಮಾತಿನಲ್ಲೇ ಬಂತು. ಅವತ್ತು ಯಾರೂ ನಗಲಿಲ್ಲ.

ಅವನು ಜಯಣ್ಣನಿಗೆ ಹೇಳಿದ. ಜಯಣ್ಣ ಸ್ಕ್ರೂಡ್ರೈವರ್ ಹಿಡಿದು ಮೊದಲ ಮಷಿನ್ನಿನ ಹತ್ತಿರ ಬಂದರು. ಅಲ್ಲಿ ಕೂತಿದ್ದವಳು ಕಾಲನ್ನು ಪೆಡಲಿನ ಮೇಲಿಂದ ತೆಗೆಯಲಿಲ್ಲ, ಹೊಲಿಯುತ್ತಲೇ ಇದ್ದಳು. ಜಯಣ್ಣ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು, "ಇರಲಿ ಬಿಡ್ರಿ ಸಾರ್" ಎಂದು ಹೊರಟುಹೋದರು. ಓಡುತ್ತಿರುವ ಲೈನು ನಿಲ್ಲಿಸಿ ಬಿಚ್ಚಿಸುವ ಧೈರ್ಯ ಶಶಿಧರನಿಗೂ ಇರಲಿಲ್ಲ, ಆರ್ಡರು ತಲೆಯ ಮೇಲಿತ್ತು. ಸಂಜೆ ನನ್ನನ್ನು ಕರೆದು ನಾಳೆಯಿಂದ ಬರಬೇಡ ಎಂದ. ಗಾಜುಗಳು ಮಾತ್ರ ಮಷಿನ್ನುಗಳ ಮೇಲೇ ಇವೆ.

ಬಸ್‌ಸ್ಟ್ಯಾಂಡಿಗೆ ಜಯಣ್ಣ ಬಂದಿದ್ದರು. ಬಸ್ಸು ಹತ್ತುವಾಗ, "ನಾ ಮೋಟಾರು ಸುಟ್ಟಾಗ ನನಗ ಯಾರೂ ಮನಿಗೆ ಹೋಗು ಅನ್ಲಿಲ್ಲ. ಕಣೇಕಲ್ಲಿನ ಹುಡುಗಿಗೆ ಬರಾಕ ಹೇಳು. ಒಬ್ಬಾಕಿನ್ನಾದರೂ ಇಟ್ಟುಕೊಳ್ಳಾಕ ಬೇಕು, ಮುಂದಿನ ತಿಂಗಳು ಖರೀದಿ ಮಂದಿ ಬರ್ತಾರ, ಇವ್ರು ಇಲ್ಲ ಅನ್ನಂಗಿಲ್ಲ" ಎಂದರು.

ಮತ್ತೆ ಫೋಟೋಕ್ಕೇ ಕರೆಯುತ್ತಿದ್ದಾರೆ ಎಂದು ನಿನಗೆ ಅನಿಸುತ್ತದೆ. ನನಗೂ ಅನಿಸಿತು. ಬಾಗಿಲು ಯಾವ ಕಾರಣಕ್ಕೆ ತೆರೆದರೂ ಒಳಗೆ ಹೋದ ಮೇಲೆ ಮಾಡುವ ಕೆಲಸ ನಮ್ಮದು. ಹೋಗಬೇಕೋ ಬೇಡವೋ ನೀನೇ ಯೋಚಿಸು. ನನಗೋಸ್ಕರ ಹೋಗಬೇಡ.

ಇಲ್ಲಿ ಅಪ್ಪ ಒಂದೇ ಮಾತು ಕೇಳಿದರು. "ನೀನೇ ಬಿಟ್ಟ್ಯೋ, ಅವ್ರು ಬಿಡಿಸಿದ್ರೋ?" ಬಿಡಿಸಿದರು ಎಂದೆ. "ಹಂಗಾದ್ರೆ ತಲೆ ತಗ್ಗಿಸ್ಕಂಡು ಯಾಕೆ ಕುಂತಿದ್ದೀಯಮ್ಮಣ್ಣಿ, ಏಳು" ಎಂದು ಕುರಿಗೆ ಸೊಪ್ಪು ತರಲು ಹೋದರು. ನೋಡು, ನಮ್ಮಪ್ಪ ಚಿಕ್ಕತಿಮ್ಮಯ್ಯನವರ ಬಾಯಿಂದ ಇಷ್ಟು ಉದ್ದದ ಮಾತು ನಾನು ಕೇಳಿದ್ದೇ ಕಡಿಮೆ.

ಹಗಲು ಅಮ್ಮನ ಜೊತೆ ಶೇಂಗಾ ಬಿಡಿಸುತ್ತೇನೆ. ಹಿಂದೂಪುರದ ಒಂದು ಕಾರ್ಖಾನೆಗೆ ಹೋಗಿ ಕೇಳಿ ಬಂದೆ. ಹೊಲಿಯಲು ಬರುತ್ತದೆಯೇ ಎಂದರು. ಮೆಕ್ಯಾನಿಕ್ ಎಂದೆ. ನನ್ನ ಹಿಂದೆ ಬೇರೆ ಯಾರಾದರೂ ಬಂದಿದ್ದಾರೆಯೇ ಎಂದು ಇಣುಕಿ ನೋಡಿದರು. ಇನ್ನೊಂದು ಸಲ ಹೋಗುತ್ತೇನೆ.

ಆ ದಿನ ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಮಾತ್ರ ಕೈ ಖಾಲಿ ಅನಿಸುತ್ತದೆ.

ನಿನ್ನ
ಗಂಗೋತ್ರಿ

* * *

ರಾಯದುರ್ಗ
14 ಮಾರ್ಚ್ 2004

ಪ್ರೀತಿಯ ಗಂಗೋತ್ರಿ,

ಬಂದಿದ್ದೇನೆ.

ಹೇಳಿ ಬರೆಯೋಣವೆಂದರೆ ನಿಲ್ಲುತ್ತೇನೋ ಓಡಿಹೋಗುತ್ತೇನೋ ಎಂದು ನನಗೇ ಗೊತ್ತಿರಲಿಲ್ಲ. ಈಗ ಮೂರು ವಾರವಾಯಿತು.

ಮೊದಲ ದಿನ ಶಶಿಧರ್ ಕೇಳಿದ, "ಆ ಸೂಜಿ ಹಾಕಿದ ಹುಡುಗಿ ನೀನ ಅಲ್ಲೇನು?" "ಹೌದ್ರಿ, ನಾನ" ಎಂದೆ. "ಮತ್ತೊಮ್ಮೆ ಹಂಗಾದ್ರ?" ಎಂದ. ಈ ಪ್ರಶ್ನೆಗೆ ಕಣೇಕಲ್ಲಿನಿಂದ ಬಸ್ಸಿನಲ್ಲಿ ನಾನು ಕಟ್ಟಿಕೊಂಡು ಬಂದಿದ್ದ ಉತ್ತರಗಳಲ್ಲಿ ಒಂದೂ ನೆನಪಾಗಲಿಲ್ಲ. "ಆಗಬಾರದು ಅಂತ ನೋಡಿಕೊಂತೀನ್ರಿ. ಆತಂದ್ರ ನನ್ನಿಂದ ಆತು ಅಂತ ಹೇಳ್ತೀನಿ. ಗಾಜು ಮಾತ್ರ ಬಿಚ್ಚಂಗಿಲ್ಲ" ಎಂದೆ. ಅವನು ಕಾಗದಗಳ ಕಡೆ ನೋಡುತ್ತಾ ಒಳಗೆ ಹೋಗು ಎಂದು ಕೈ ಮಾಡಿದ. ಅವನೇನೂ ಬದಲಾಗಿಲ್ಲ. ನಿನ್ನನ್ನು ವಾಪಸು ಕರೆಸುವಂತೆ ಜಯಣ್ಣ ಕೇಳಿ ನೋಡಿದರಂತೆ, ಆಗುವುದಿಲ್ಲ ಎಂದನಂತೆ. ನೀನು ಗಳಿಸಿದ ಜಾಗದಲ್ಲಿ ನಾನು ನಿಂತಿದ್ದೇನೆ ಎಂಬುದು ದಿನವೂ ಚುಚ್ಚುತ್ತದೆ. ಇದಕ್ಕೆ ನೀನು ಸಮಾಧಾನ ಬರೆಯಬೇಡ, ಚುಚ್ಚಲಿ.

ದುರುಗಕ್ಕ ದಾರ ಕತ್ತರಿಸುವ ಬೆಂಚಿನಲ್ಲಿದ್ದಾಳೆ. ನನ್ನ ಜೊತೆ ಮಾತು ಕಡಿಮೆ. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತರೆ ಸರಿದು ಜಾಗ ಕೊಡುತ್ತಾಳೆ. ಅದಕ್ಕಿಂತ ಹೆಚ್ಚನ್ನು ಕೇಳುವ ಹಕ್ಕು ನನಗಿಲ್ಲ.

ನಿನಗೆ ಹೇಳಲೇಬೇಕಾದದ್ದು ನಿನ್ನೆಯದು. ಒಂದು ಮಷಿನ್ನಿನ ಮೋಟಾರು ಬದಲಿಸಿದೆ. ವೈರು ಅದಲುಬದಲಾಗಿತ್ತು. ಸ್ವಿಚ್ ಹಾಕಿದೊಡನೆ ಮಷಿನ್ ಹಿಮ್ಮುಖವಾಗಿ ತಿರುಗಿ ದಾರವೆಲ್ಲ ಗಂಟಾಯಿತು. ಲೈನು ನಿಂತಿತು. ಅಕ್ಕಪಕ್ಕದವರು ತಲೆ ಎತ್ತಿದರು. ಶಶಿಧರ್ ಹಾಲಿನ ಆ ತುದಿಯಿಂದ ಕುತ್ತಿಗೆ ಉದ್ದ ಮಾಡಿದ. ಟ್ರಂಕು ಎಲ್ಲಿದೆ, ಕಣೇಕಲ್ಲು ಬಸ್ಸು ಎಷ್ಟು ಹೊತ್ತಿಗೆ ಎಂದು ಮನಸ್ಸು ಆಗಲೇ ಹೊರಟುಬಿಟ್ಟಿತ್ತು. ಕಾಲು ಮಾತ್ರ ಅಲ್ಲೇ ಇತ್ತು.

ಎಲ್ಲರಿಗೂ ಕೇಳುವಂತೆ ಹೇಳಿದೆ, "ನನ್ನಿಂದ ತಪ್ಪಾಗೈತ್ರಿ. ವೈರು ಉಲ್ಟಾ ಕೊಟ್ಟೀನಿ. ಒಂದೀಟು ತಡೀರಿ, ಸರಿ ಮಾಡ್ತೀನಿ."

ಕರೆಂಟು ತೆಗೆದೆ, ಬಿಚ್ಚಿದೆ, ಬದಲಿಸಿದೆ. ಅಷ್ಟು ಹೊತ್ತೂ ನನ್ನ ಬೆನ್ನ ಹಿಂದೆ 'ಹೆಣ್ಮಕ್ಕಳ ಕೈಯಾಗ ಸ್ಪ್ಯಾನರ್' ಎಂಬ ಆ ಮಾತು ಬರುತ್ತದೆಂದು ಕಾಯುತ್ತಿದ್ದೆ. ಬರಲಿಲ್ಲ. ಜಯಣ್ಣ ಆಚೆ ಲೈನಿನಲ್ಲಿ ತಮ್ಮ ಕೆಲಸದಲ್ಲಿದ್ದರು, ಈ ಕಡೆ ತಿರುಗಲೂ ಇಲ್ಲ. ಆ ಮಷಿನ್ನಿನ ಹುಡುಗಿ ಸ್ಟೂಲಿನ ಮೇಲೆ ಕೂತು ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದಳು. ಗಂಗೋತ್ರಿ, ಅವಳಿಗೆ ಬೇಸರವಾಗಿತ್ತು, ಅಷ್ಟೇ! ಮೆಕ್ಯಾನಿಕ್ ಕೆಲಸ ಮುಗಿಸುವವರೆಗೆ ಕಾಯುವವರಿಗೆ ಆಗುವ ಬೇಸರ.

ಸ್ವಿಚ್ ಹಾಕಿದೆ. ಈ ಸಲ ಮುಂದಕ್ಕೆ ತಿರುಗಿತು. "ಆತೇನಕ್ಕ?" ಎಂದು ಕೇಳಿದಳು. ಆಯಿತು ಎಂದೆ. ಅವಳು ಬಟ್ಟೆ ಕೊಟ್ಟು ಹೊಲಿಯತೊಡಗಿದಳು. ನಾನು ಸ್ಪ್ಯಾನರ್ ತೆಗೆದುಕೊಂಡು ಮುಂದಿನ ಮಷಿನ್ನಿಗೆ ಹೋದೆ.

ನಿನ್ನ
ಸುನೀತಾ